ಗೆರೆಯ ಮುಂದಿನ ನಾಲ್ಕೈದು ಮೀಟರು

ಸಿಗ್ನಲ್ ಕೆಂಪಾದಾಗ ಮೋಟಾರು ವಾಹನಗಳು ನಿಲ್ಲಲು ಒಂದು ಗೆರೆ. ಅದರಿಂದ ನಾಲ್ಕೈದು ಮೀಟರು ಮುಂದೆ, ಜೀಬ್ರಾ ಪಟ್ಟೆಗಿಂತ ತುಸು ಹಿಂದೆ, ಸೈಕಲ್ ಸವಾರರು ನಿಲ್ಲಲು ಇನ್ನೊಂದು ಗೆರೆ. ಎರಡರ ನಡುವಿನ ಜಾಗದಲ್ಲಿ ಸೈಕಲ್ಲಿನ ಚಿತ್ರ ಬರೆದಿರುತ್ತಾರೆ. ಎಷ್ಟೋ ಕಡೆ ಇಡೀ ಜಾಗಕ್ಕೆ ಹಸಿರು ಅಥವಾ ಕೆಂಪು ಬಣ್ಣ ಬಳಿದಿರುತ್ತಾರೆ. ಬ್ರಿಟನ್, ನೆದರ್ಲೆಂಡ್ಸ್, ಅಮೆರಿಕದ ಹಲವು ನಗರಗಳಲ್ಲಿ ಇಂಥ ಸೈಕಲ್ ಚೌಕಗಳು ಸಾಮಾನ್ಯ. ಕಾರು, ವ್ಯಾನು, ಬೈಕುಗಳು ಬಂದು ಚೌಕದೊಳಗೇ ನಿಲ್ಲುತ್ತವೆ ಎಂಬ ದೂರು ಕೂಡ ಅಲ್ಲಿ ಅಷ್ಟೇ ಸಾಮಾನ್ಯ.

ಉತ್ತರ ಕನ್ನಡದ ಕರಾವಳಿಯಲ್ಲಿ ಅಂಥ ಚೌಕ ಕಾಣಸಿಗುವುದಿಲ್ಲ. ಸಿಗ್ನಲ್ ದೀಪಗಳೇ ಬೆರಳೆಣಿಕೆಯಷ್ಟಿರುವ ಊರುಗಳಿವು. ಆದರೂ ಈ ಚರ್ಚೆ ಇಲ್ಲಿ ಈಗಲೇ ಆಗಬೇಕು. ಭಟ್ಕಳದಿಂದ ಕಾರವಾರದವರೆಗೆ ರಾಷ್ಟ್ರೀಯ ಹೆದ್ದಾರಿ 66 ಚತುಷ್ಪಥವಾಗುತ್ತ ಬಂದ ಈ ವರ್ಷಗಳಲ್ಲಿ ನಮ್ಮ ಊರುಗಳ ಕೂಡುರಸ್ತೆಗಳ ರೂಪವೇ ಬದಲಾಗಿದೆ. ಘಟ್ಟಕ್ಕೂ ಕಡಲಿಗೂ ನಡುವಿನ ಕಿರಿದಾದ ನೆಲದಲ್ಲಿ ಊರು, ಹೆದ್ದಾರಿ, ರೈಲು ಹಳಿ ಎಲ್ಲವೂ ಒತ್ತಿಕೊಂಡೇ ಇರಬೇಕು. ಮನೆ ಒಂದು ಬದಿಗಿದ್ದರೆ ಶಾಲೆ ಇನ್ನೊಂದು ಬದಿಗೆ, ಕೇರಿ ಒಂದು ಬದಿಗಿದ್ದರೆ ಮೀನು ಮಾರುಕಟ್ಟೆ ಇನ್ನೊಂದು ಬದಿಗೆ. ಎಲ್ಲಿ ದೀಪ ನಿಲ್ಲಿಸಬೇಕು, ಎಲ್ಲಿ ಗೆರೆ ಎಳೆಯಬೇಕು, ಆ ಗೆರೆಯ ಮುಂದೆ ಯಾರಿಗೆ ಜಾಗ ಕೊಡಬೇಕು ಎಂಬ ತೀರ್ಮಾನಗಳನ್ನು ಒಮ್ಮೆ ಕಾಂಕ್ರೀಟಿನಲ್ಲಿ ಹಾಕಿಬಿಟ್ಟರೆ ಮುಂದೆ ಬಹುಕಾಲ ಯಾರೂ ಅದನ್ನು ಮುಟ್ಟುವುದಿಲ್ಲ.

ಚೌಕದೊಳಗೆ ವಾಹನ ನಿಲ್ಲಿಸಿದವರನ್ನು ಕೇಳಿದರೆ ಸಿಗುವ ಉತ್ತರ ಎಲ್ಲ ದೇಶಗಳಲ್ಲೂ ಒಂದೇ: ಜಾಗ ಖಾಲಿ ಇತ್ತು, ಮುಂದೆ ಬಂದೆ. ಈ ಉತ್ತರ ತಪ್ಪೆಂದು ನಾನು ಹೇಳುವುದು ಶಿಸ್ತಿನ ಮೇಲಿನ ಪ್ರೀತಿಯಿಂದಲ್ಲ. ಆ ಜಾಗ ಖಾಲಿ ಇದ್ದಾಗಲೂ ಅಲ್ಲಿ ಒಂದು ಕೆಲಸ ನಡೆಯುತ್ತಿರುತ್ತದೆ. ಹಿಂದಿನಿಂದ ಬರುವ ಸೈಕಲ್ ಸವಾರನಿಗೆ ಅದು ದಾರಿ ತೆರೆದಿಟ್ಟಿರುತ್ತದೆ, ಲಾರಿ ಚಾಲಕನಿಗೆ ತನ್ನ ಮುಂದಿನ ನೆಲ ಕಾಣುವಷ್ಟು ದೂರ ಉಳಿಸಿರುತ್ತದೆ.

ಎತ್ತರದ ಕ್ಯಾಬಿನ್ನಿನಲ್ಲಿ ಕುಳಿತ ಲಾರಿ ಚಾಲಕನಿಗೆ ಬಂಪರಿಗೆ ಅಂಟಿಕೊಂಡಂತಿರುವ ನೆಲ ಕಾಣುವುದಿಲ್ಲ. ಎಡಬಾಗಿಲಿನ ಕೆಳಗಿನ ಭಾಗವಂತೂ ಕನ್ನಡಿಗೂ ಸರಿಯಾಗಿ ಸಿಗುವುದಿಲ್ಲ. ಸಿಗ್ನಲ್‌ನಲ್ಲಿ ರಸ್ತೆಯ ಎಡ ಅಂಚಿನಲ್ಲಿ ತೂರಿಕೊಂಡು ಬಂದ ಸೈಕಲ್ ನಿಲ್ಲುವುದು ಸರಿಯಾಗಿ ಅಲ್ಲೇ. ದೀಪ ಹಸಿರಾಗುತ್ತದೆ, ಲಾರಿ ಎಡಕ್ಕೆ ತಿರುಗುತ್ತದೆ. ಉದ್ದದ ವಾಹನ ತಿರುಗುವಾಗ ಹಿಂದಿನ ಚಕ್ರಗಳು ಮುಂದಿನ ಚಕ್ರಗಳ ಜಾಡಿನಲ್ಲಿ ಬರುವುದಿಲ್ಲ. ತಿರುವಿನ ಒಳಬದಿಗೆ ಕತ್ತರಿಸಿಕೊಂಡು ಬರುತ್ತವೆ. ಇದನ್ನು ನಮ್ಮ ಜಿಲ್ಲೆಯವರಿಗೆ ಚಿತ್ರ ಬರೆದು ತೋರಿಸಬೇಕಾಗಿಲ್ಲ. ಅರಬೈಲ್ ಘಟ್ಟದಲ್ಲಿ, ದೇವಿಮನೆ ಘಟ್ಟದಲ್ಲಿ ಲಾರಿಯ ಹಿಂದಿನ ಚಕ್ರ ತಿರುವಿನ ಒಳ ಅಂಚನ್ನು ಸವರಿಕೊಂಡು ಹೋಗುವುದನ್ನು ಬಸ್ಸಿನ ಕಿಟಕಿಯಿಂದ ನೋಡದವರು ಇಲ್ಲಿ ಯಾರಿದ್ದಾರೆ? 2010ರ ಜುಲೈಯಲ್ಲಿ ರಾಜ್ಯ ಸರ್ಕಾರ ಅದಿರು ರಫ್ತಿಗೆ ತಡೆ ಹಾಕುವ ತನಕ ಬಳ್ಳಾರಿ ಕಡೆಯಿಂದ ಬೇಲೇಕೇರಿ, ಕಾರವಾರ ಬಂದರುಗಳಿಗೆ ಸಾಲುಗಟ್ಟಿ ಬರುತ್ತಿದ್ದ ಲಾರಿಗಳ ಕಾಲವನ್ನು ಯಲ್ಲಾಪುರ, ಅಂಕೋಲಾದ ಜನ ಮರೆತಿಲ್ಲ. ಅದಿರು ನಿಂತಿದೆ, ಅನಿಲ ಟ್ಯಾಂಕರ್, ಕಂಟೈನರ್, ಮೀನಿನ ಲಾರಿಗಳು ನಿಂತಿಲ್ಲ. ಘಟ್ಟದ ತಿರುವಿನಲ್ಲಿ ಆ ಹಿಂಚಕ್ರಕ್ಕೆ ಸಿಗುವುದು ಮೈಲಿಗಲ್ಲು. ಊರೊಳಗಿನ ತಿರುವಿನಲ್ಲಿ ಅದೇ ಜಾಗದಲ್ಲಿ ಒಂಬತ್ತನೇ ತರಗತಿಯ ಹುಡುಗಿ ಒಂದು ಕಾಲನ್ನು ನೆಲಕ್ಕೂರಿ ನಿಂತಿರುತ್ತಾಳೆ.

ಸೈಕಲ್ ಚೌಕ ಅವಳನ್ನು ಲಾರಿಯ ಪಕ್ಕದಿಂದ ಎತ್ತಿ ಅದರ ಮುಂದೆ, ಚಾಲಕನ ಕಣ್ಣಿಗೆ ನೇರವಾಗಿ ಕಾಣುವಲ್ಲಿ ನಿಲ್ಲಿಸುತ್ತದೆ. ಹಸಿರು ಬಿದ್ದಾಗ ಅವಳಿಗೆ ಕೆಲವು ಸೆಕೆಂಡುಗಳ ಮುನ್ನಡೆ ಸಿಗುತ್ತದೆ. ಸೈಕಲ್ ಹತ್ತಿ ಮೊದಲ ಎರಡು ಪೆಡಲ್ ತುಳಿಯುವಾಗ ಯಾರೇ ಆದರೂ ಅತ್ತಿತ್ತ ಓಲಾಡುತ್ತಾರೆ. ಬೆನ್ನಲ್ಲಿ ಪುಸ್ತಕದ ಹೊರೆ, ಎದುರಿಗೆ ಏರು ಇದ್ದರೆ ಇನ್ನೂ ಹೆಚ್ಚು. ಶಿರಸಿಯಂಥ ಏರಿಳಿತದ ಊರಿನಲ್ಲಿ ಇದು ಸಣ್ಣ ವಿಷಯವಲ್ಲ. ಕರಾವಳಿಗೆ ಮಳೆಯ ಸಮಸ್ಯೆ ಬೇರೆ. ಸಾಮಾನ್ಯ ಸೈಕಲ್ಲಿನ ಬ್ರೇಕ್ ರಬ್ಬರ್ ಒದ್ದೆಯಾದ ರಿಮ್ಮಿಗೆ ಸರಿಯಾಗಿ ಕಚ್ಚುವುದಿಲ್ಲ, ನಿಲ್ಲಲು ಹೆಚ್ಚು ದೂರ ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ರಿಮ್ ಒಣಗುವುದೇ ಅಪರೂಪ. ಆ ನಾಲ್ಕೈದು ಮೀಟರಿನಲ್ಲಿ ಕಾರೊಂದು ಬಂದು ನಿಂತ ಕ್ಷಣ ಈ ಎಲ್ಲ ಲೆಕ್ಕ ತಲೆಕೆಳಗಾಗುತ್ತದೆ. ಸವಾರ ಮತ್ತೆ ಎಡ ಅಂಚಿಗೆ, ಅಂದರೆ ಕಾಣದ ಮೂಲೆಗೆ ಸರಿಯುತ್ತಾನೆ. ಇಲ್ಲವೇ ಕಾರನ್ನೂ ದಾಟಿ ಜೀಬ್ರಾ ಪಟ್ಟೆಯ ಮೇಲೆ, ನಡೆಯುವವರ ನಡುವೆ ಹೋಗಿ ನಿಲ್ಲುತ್ತಾನೆ.

ಬ್ರಿಟನ್ನಿನಲ್ಲಿ ಇಂಥ ಮೊದಲ ಚೌಕ ಬಂದದ್ದು 1984ರಲ್ಲಿ, ಆಕ್ಸ್‌ಫರ್ಡ್ ನಗರದಲ್ಲಿ. ಅಲ್ಲಿನ ನಿಯಮ ಸ್ಪಷ್ಟವಾಗಿದೆ. ದೀಪ ಕೆಂಪಾಗಿದ್ದಾಗ ಮೋಟಾರು ವಾಹನ ಮೊದಲ ಗೆರೆಯನ್ನು ದಾಟುವಂತಿಲ್ಲ. ಮೋಟಾರ್ ಸೈಕಲ್ಲಿಗೂ ವಿನಾಯಿತಿ ಇಲ್ಲ. ಮೊದಲ ಗೆರೆ ದಾಟಿದ ಮೇಲೆ ದೀಪ ಬದಲಾದರೆ ಮಾತ್ರ ಎರಡನೇ ಗೆರೆಯಲ್ಲಿ ನಿಲ್ಲಬೇಕು, ಅದು ತಪ್ಪಾಗುವುದಿಲ್ಲ. ಉಲ್ಲಂಘಿಸಿದರೆ 100 ಪೌಂಡ್ ದಂಡ, ಪರವಾನಗಿಯ ಮೇಲೆ 3 ಪೆನಾಲ್ಟಿ ಅಂಕ. 2016ರಲ್ಲಿ ನಿಯಮ ಸಡಿಲಿಸಿ ಚೌಕದ ಆಳವನ್ನು 7.5 ಮೀಟರಿನವರೆಗೆ ಹೆಚ್ಚಿಸಲು ಅವಕಾಶ ಕೊಟ್ಟರು, ಸೈಕಲ್‌ಗಳ ಸಂಖ್ಯೆ ಅಷ್ಟು ಏರಿತ್ತು. ಇಷ್ಟಾದರೂ ಚೌಕದೊಳಗೆ ನಿಲ್ಲುವವರು ಅಲ್ಲಿ ಕಡಿಮೆಯಿಲ್ಲ. ದೀಪ ಹಾರಿದವನಿಗೆ ದಂಡ ಬೀಳುವಷ್ಟು ಸಹಜವಾಗಿ ಗೆರೆ ದಾಟಿ ನಿಂತವನಿಗೆ ಬೀಳುವುದಿಲ್ಲ.

ಅಮೆರಿಕದ ಪೋರ್ಟ್‌ಲೆಂಡ್ ನಗರದ ಅನುಭವವನ್ನು ಸ್ವಲ್ಪ ವಿವರವಾಗಿ ನೋಡಬೇಕು. 2007ರ ಅಕ್ಟೋಬರ್ ಒಂದೇ ತಿಂಗಳಲ್ಲಿ ಅಲ್ಲಿ ಇಬ್ಬರು ಸೈಕಲ್ ಸವಾರರು ತಿರುಗುತ್ತಿದ್ದ ಭಾರಿ ವಾಹನಗಳಡಿ ಸಿಕ್ಕಿ ಸತ್ತರು. ಅಲ್ಲಿ ಬಲಬದಿಯ ಸಂಚಾರವಾದ್ದರಿಂದ ಅವು ಬಲಕ್ಕೆ ತಿರುಗುತ್ತಿದ್ದವು. ನಮ್ಮಲ್ಲಾದರೆ ಅದು ಎಡ ತಿರುವು. ಮರುವರ್ಷವೇ ನಗರಾಡಳಿತ ಹಲವು ಕೂಡುರಸ್ತೆಗಳಲ್ಲಿ ಸೈಕಲ್ ಚೌಕ ಬಳಿಸಿತು. ಅವುಗಳಲ್ಲಿ ಹತ್ತನ್ನು ಮೊದಲು ಮತ್ತು ನಂತರ ವಿಡಿಯೊ ತೆಗೆದು ಅಲ್ಲಿನ ವಿಶ್ವವಿದ್ಯಾಲಯದ ಸಂಶೋಧಕರು ಅಧ್ಯಯನ ಮಾಡಿದರು. 2012ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ನಿಂತ ಮೋಟಾರು ವಾಹನಗಳಲ್ಲಿ ಶೇ 73ರಷ್ಟು ಚೌಕವನ್ನು ಕಿಂಚಿತ್ತೂ ಅತಿಕ್ರಮಿಸಿರಲಿಲ್ಲ. ಸೈಕಲ್ ಸಂಸ್ಕೃತಿಗೆ ಹೆಸರಾದ ಊರಿನಲ್ಲೂ ನಾಲ್ಕರಲ್ಲಿ ಒಂದು ವಾಹನ ಅಷ್ಟಿಷ್ಟು ಒಳಬಂದಿತ್ತು ಎಂದೂ ಇದನ್ನು ಓದಬಹುದು. ನನ್ನ ಗಮನ ಹೆಚ್ಚು ಸೆಳೆದದ್ದು ಇನ್ನೊಂದು ಫಲಿತಾಂಶ: ಚೌಕ ಬಂದ ಮೇಲೆ ಜೀಬ್ರಾ ಪಟ್ಟೆಯ ಮೇಲೆ ವಾಹನ ನಿಲ್ಲುವುದು ಗಣನೀಯವಾಗಿ ತಗ್ಗಿತು. ವಾಹನಗಳ ಗೆರೆ ಹಿಂದೆ ಸರಿದಾಗ, ಅದನ್ನು ಮೀರಿ ಬಂದವನೂ ಚೌಕದಲ್ಲೇ ಉಳಿಯುತ್ತಾನೆ, ನಡೆಯುವವರ ದಾರಿಯವರೆಗೆ ಬರುವುದಿಲ್ಲ. ಸೈಕಲ್ ತುಳಿಯುವವರಿಗಿಂತ ನಡೆಯುವವರೇ ಎಷ್ಟೋ ಪಟ್ಟು ಹೆಚ್ಚಿರುವ ನಮ್ಮ ಊರುಗಳಿಗೆ, ಮೀನಿನ ಬುಟ್ಟಿ ಹೊತ್ತು ರಸ್ತೆ ದಾಟುವ ಹೆಂಗಸರಿಗೆ, ಆಸ್ಪತ್ರೆಗೆ ಹೊರಟ ಮುದುಕರಿಗೆ ಆಗುವ ಉಪಕಾರ ಇದು.

ಅದೇ ಊರು ಇನ್ನೊಂದು ಪಾಠವನ್ನೂ ಕಲಿತಿತು. ಕೆಲವು ಚೌಕಗಳಲ್ಲಿ ತಿರುವಿನ ಡಿಕ್ಕಿಗಳು ಕಡಿಮೆಯಾಗುವ ಬದಲು ಹೆಚ್ಚಾಗಿದ್ದವು. ಹುಡುಕಿದಾಗ ಬಹುಪಾಲು ಅಪಘಾತಗಳು ದೀಪ ಹಸಿರಾಗಿ ಸ್ವಲ್ಪ ಹೊತ್ತಾದ ಮೇಲೆ, ಚಲಿಸುತ್ತಿರುವ ಸೈಕಲ್ ಚಲಿಸುತ್ತಿರುವ ವಾಹನವನ್ನು ಪಕ್ಕದಿಂದ ದಾಟುವಾಗ ಆಗಿದ್ದವೆಂದು ತಿಳಿಯಿತು. ಅಂದರೆ ಚೌಕ ಕಾಪಾಡುವುದು ಕೆಂಪು ದೀಪದ ಹೊತ್ತಿನಲ್ಲಿ ನಿಂತವರನ್ನು. ಹಸಿರಿನ ಹೊತ್ತಿಗೆ ಬೇರೆ ವ್ಯವಸ್ಥೆ ಬೇಕು. ನೆದರ್ಲೆಂಡ್ಸ್‌ನವರು ದೊಡ್ಡ ಕೂಡುರಸ್ತೆಗಳಲ್ಲಿ ಚೌಕವನ್ನೇ ನೆಚ್ಚಿ ಕೂರದೆ, ಸೈಕಲ್ ಹಾದಿಯನ್ನೇ ಪ್ರತ್ಯೇಕಿಸಿ, ತಿರುವಿನ ಮೂಲೆಯಲ್ಲಿ ಕಾಂಕ್ರೀಟಿನ ದಿಣ್ಣೆ ಕಟ್ಟಿ, ಸೈಕಲ್‌ಗೆ ಬೇರೆಯೇ ದೀಪ ಕೊಟ್ಟದ್ದು ಇದೇ ಕಾರಣಕ್ಕೆ.

ಭಾರತದ ಕಾನೂನಿನಲ್ಲಿ ಏನಿದೆ? ಸಂಚಾರ ಚಿಹ್ನೆಗಳನ್ನು ಪಾಲಿಸಬೇಕೆಂದು 1988ರ ಮೋಟಾರು ವಾಹನ ಕಾಯ್ದೆಯ 119ನೇ ಕಲಂ ಹೇಳುತ್ತದೆ. 2019ರ ತಿದ್ದುಪಡಿಯ ಬಳಿಕ 177ನೇ ಕಲಮಿನ ಸಾಮಾನ್ಯ ದಂಡ ಮೊದಲ ಸಲಕ್ಕೆ 500 ರೂಪಾಯಿಯವರೆಗೆ, ಆಮೇಲೆ 1,500 ರೂಪಾಯಿಯವರೆಗೆ. ಕೆಂಪು ದೀಪ ಹಾರುವುದನ್ನು ಅದೇ ತಿದ್ದುಪಡಿ 184ನೇ ಕಲಮಿನಡಿ ಅಪಾಯಕಾರಿ ಚಾಲನೆಗೆ ಸೇರಿಸಿತು, ಅಲ್ಲಿ ದಂಡ 1,000ದಿಂದ 5,000 ರೂಪಾಯಿ. ಸೈಕಲ್ ಪಥದ ಮೇಲೆ ಮೋಟಾರು ವಾಹನ ಓಡಿಸಬಾರದೆಂದು 1989ರ ರಸ್ತೆ ನಿಯಮಗಳಲ್ಲೇ ಇತ್ತು. ಸೈಕಲ್ ಪಥಗಳ ವಿನ್ಯಾಸಕ್ಕೆಂದೇ ಭಾರತೀಯ ರಸ್ತೆ ಕಾಂಗ್ರೆಸ್ ಎಂಬ ಹೆದ್ದಾರಿ ಎಂಜಿನಿಯರುಗಳ ಸಂಸ್ಥೆಯ ಸಂಹಿತೆ ಇದೆ, ಅದನ್ನು 2015ರಲ್ಲಿ ಪರಿಷ್ಕರಿಸಿದ್ದಾರೆ. ರಸ್ತೆಗಳು ಇರುವುದು ವಾಹನಗಳನ್ನು ಸಾಗಿಸಲು ಅಲ್ಲ, ಜನರನ್ನು ಸಾಗಿಸಲು ಎಂಬ ತತ್ವವನ್ನು 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯೇ ಒಪ್ಪಿಕೊಂಡಿತ್ತು. ನನಗೆ ಮುಖ್ಯವೆನಿಸುವುದು 2019ರಲ್ಲಿ ಸೇರಿದ 138(1ಎ) ಕಲಂ. ನಡೆಯುವವರು ಮತ್ತು ಮೋಟಾರು ಇಲ್ಲದ ವಾಹನಗಳ ವಿಷಯದಲ್ಲಿ ನಿಯಮ ಮಾಡುವ ಅಧಿಕಾರವನ್ನು ಅದು ರಾಜ್ಯ ಸರ್ಕಾರಗಳಿಗೆ ಕೊಟ್ಟಿದೆ. ಸೈಕಲ್ ಚೌಕಕ್ಕೆ ಕಾನೂನಿನ ಬಲ ಬೇಕೆಂದರೆ ದೆಹಲಿಯತ್ತ ನೋಡುತ್ತ ಕೂರಬೇಕಿಲ್ಲ.

ಇದು ಶ್ರೀಮಂತ ನಾಡುಗಳ ಹವ್ಯಾಸ, ನಮಗೇಕೆ ಎನ್ನುವವರಿದ್ದಾರೆ. 2011ರ ಜನಗಣತಿಯಲ್ಲಿ ದೇಶದ ಶೇ 45ರಷ್ಟು ಮನೆಗಳಲ್ಲಿ ಸೈಕಲ್ ಇತ್ತು. ಕಾರು ಇದ್ದ ಮನೆಗಳು ಶೇ 5ನ್ನೂ ಮುಟ್ಟಿರಲಿಲ್ಲ. 2022ರಲ್ಲಿ ರಸ್ತೆ ಅಪಘಾತಗಳಲ್ಲಿ ದೇಶದಲ್ಲಿ ಸತ್ತ 1,68,491 ಮಂದಿಯಲ್ಲಿ ಸೈಕಲ್ ಸವಾರರೇ ನಾಲ್ಕೂವರೆ ಸಾವಿರಕ್ಕಿಂತ ಹೆಚ್ಚು. ನಮ್ಮ ಊರುಗಳಲ್ಲಿ ಸೈಕಲ್ ತುಳಿಯುವವರು ಯಾರೆಂದು ಬೆಳಗಿನ ಹೊತ್ತು ನಿಂತು ನೋಡಿದರೆ ಸಾಕು: ಗಾರೆ ಕೆಲಸಕ್ಕೆ ಹೊರಟವರು, ಪಾವ್ ಮಾರುವವರು, ಹೋಟೆಲಿನ ಹುಡುಗರು, ಶಾಲಾ ಮಕ್ಕಳು. ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆಯನ್ನು ರಾಜ್ಯ ಸರ್ಕಾರ 2006–07ರಲ್ಲಿ ಆರಂಭಿಸಿದಾಗ ಘಟ್ಟದ ಮೇಲೂ ಕೆಳಗೂ ಎಷ್ಟೋ ಹೆಣ್ಣುಮಕ್ಕಳು ಅದರಿಂದಲೇ ಹೈಸ್ಕೂಲು ಮುಗಿಸಿದರು. ಸೈಕಲ್ ಕೊಟ್ಟ ಸರ್ಕಾರ ರಸ್ತೆಯಲ್ಲಿ ಆ ಸೈಕಲ್ ನಿಲ್ಲಲು ಒಂದು ಅಂಗುಲ ಜಾಗವನ್ನೂ ಕೊಡಲಿಲ್ಲ. ಈ ಲೋಪದ ಬಗ್ಗೆ ಒಂದು ಚರ್ಚೆಯೂ ಆಗಲಿಲ್ಲವೆಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

ಆದರೆ ಹೊರಗಿನ ಚೌಕವನ್ನು ಹಾಗೆಯೇ ತಂದು ಇಲ್ಲಿ ಬಳಿದರೆ ಅದು ವಾರದೊಳಗೆ ಸಾಯುತ್ತದೆ. ಮೊದಲನೆಯ ಕಾರಣ ದ್ವಿಚಕ್ರ ವಾಹನಗಳು. ದೇಶದಲ್ಲಿ ನೋಂದಣಿಯಾದ ವಾಹನಗಳಲ್ಲಿ ಸುಮಾರು ಮುಕ್ಕಾಲು ಪಾಲು ಅವೇ. ಸಾಲಿನ ನಡುವೆ ನುಸುಳಿ ಮುಂದೆ ಬರುವುದು ಅವುಗಳ ಸಹಜ ನಡೆ. ಚೌಕ ಬಳಿದ ಮೊದಲ ದಿನವೇ ಅದು ಬೈಕು, ಸ್ಕೂಟರುಗಳಿಂದ ತುಂಬುತ್ತದೆ. ಬೈಕ್ ಸವಾರನನ್ನು ಬೈದು ಪ್ರಯೋಜನವಿಲ್ಲ, ಅವನೂ ಲಾರಿಯ ಪಕ್ಕದಲ್ಲಿ ನಿಲ್ಲಲು ಹೆದರುವವನೇ. ತೈವಾನಿನಲ್ಲಿ ಸಾಲಿನ ಮುಂದೆ ದ್ವಿಚಕ್ರ ವಾಹನಗಳು ಕಾಯಲೆಂದೇ ಪ್ರತ್ಯೇಕ ಚೌಕಗಳಿವೆ. ಇಂಡೋನೇಷ್ಯಾದ ನಗರಗಳಲ್ಲೂ ಮೋಟಾರ್ ಸೈಕಲ್‌ಗಳಿಗೆ ಹೀಗೆ ಜಾಗ ಗುರುತಿಸಿದ್ದಾರೆ. ನಮ್ಮ ಪರಿಸ್ಥಿತಿ ಲಂಡನ್ನಿಗಿಂತ ಅವರದಕ್ಕೆ ಹತ್ತಿರ. ಎಡಕ್ಕೆ ಸೈಕಲ್, ಬಲಕ್ಕೆ ಬೈಕು ಎಂದು ಚೌಕವನ್ನು ಎರಡಾಗಿ ಹಂಚಿ, ಕಾರು, ಬಸ್ಸು, ಲಾರಿಗಳ ಗೆರೆಯನ್ನು ಇನ್ನಷ್ಟು ಹಿಂದೆ ತಳ್ಳಿದರೆ ಆ ಗೆರೆ ಉಳಿಯುವ ಸಾಧ್ಯತೆ ಹೆಚ್ಚು. ಶುದ್ಧ ಸೈಕಲ್ ಚೌಕ ಬೇಕೆನ್ನುವವರಿಗೆ ಇದು ರುಚಿಸಲಾರದು. ಸದ್ಯಕ್ಕೆ ನಾನು ಇದನ್ನೇ ಒಪ್ಪುತ್ತೇನೆ, ಏಕೆಂದರೆ ಕೊಲ್ಲುವುದು ಮುಖ್ಯವಾಗಿ ಭಾರಿ ವಾಹನ.

ಎರಡನೆಯದು ‘ಫ್ರೀ ಲೆಫ್ಟ್’. ದೀಪ ಯಾವುದಿದ್ದರೂ ಎಡಕ್ಕೆ ತಿರುಗಬಹುದು ಎಂಬ ಈ ಪದ್ಧತಿ ಇರುವಲ್ಲಿ ಸೈಕಲ್ ಚೌಕಕ್ಕೆ ಅರ್ಥವೇ ಇಲ್ಲ. ಚೌಕ ಸೇರಲು ಸೈಕಲ್ ಎಡ ಅಂಚಿನಿಂದಲೇ ಬರಬೇಕು, ಅದೇ ಅಂಚಿನಲ್ಲಿ ವಾಹನಗಳು ನಿಲ್ಲದೆ ಹರಿಯುತ್ತಿರುತ್ತವೆ. ಶಿರಸಿಯ ಐದು ರಸ್ತೆ ಸರ್ಕಲ್‌ನಂಥ ಕಡೆ, ಐದು ದಿಕ್ಕಿನ ವಾಹನಗಳು ಒಂದೆಡೆ ಸೇರುವಲ್ಲಿ, ಎಡ ತಿರುವನ್ನೂ ದೀಪಕ್ಕೋ ಪೊಲೀಸರ ಕೈಸನ್ನೆಗೋ ಒಳಪಡಿಸದೆ ಯಾವ ಬಣ್ಣ ಬಳಿದರೂ ವ್ಯರ್ಥ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆಯ ಹೊತ್ತಿನಲ್ಲಿ ಆ ಊರು ತನ್ನ ಸಂಚಾರವನ್ನೇ ಮಾರ್ಪಡಿಸಿಕೊಳ್ಳುತ್ತದೆ. ಬೇಕೆಂದರೆ ಆಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಮೂರನೆಯ ಸಂಗತಿ ದೀಪದ ಕಂಬದ ಜಾಗ. ಇದರ ಬಗ್ಗೆ ನಮ್ಮಲ್ಲಿ ಯಾರೂ ಮಾತಾಡುವುದಿಲ್ಲ, ಅಗ್ಗದ ಪರಿಹಾರ ಇಲ್ಲೇ ಅಡಗಿದ್ದರೂ. ಜರ್ಮನಿ, ಫ್ರಾನ್ಸ್, ನೆದರ್ಲೆಂಡ್ಸ್‌ಗಳಲ್ಲಿ ಮುಖ್ಯ ದೀಪ ಇರುವುದು ನಿಲುಗಡೆ ಗೆರೆಯ ಪಕ್ಕದಲ್ಲೇ. ಗೆರೆ ದಾಟಿ ನಿಂತರೆ ದೀಪ ತಲೆಯ ಹಿಂದಕ್ಕೆ ಹೋಗುತ್ತದೆ, ಯಾವಾಗ ಹಸಿರಾಯಿತೆಂದು ಕಾಣುವುದೇ ಇಲ್ಲ. ಹಾಗಾಗಿ ಚಾಲಕ ತನ್ನ ಅನುಕೂಲಕ್ಕಾಗಿಯೇ ಗೆರೆಯ ಹಿಂದೆ ನಿಲ್ಲುತ್ತಾನೆ. ಫ್ರಾನ್ಸಿನಲ್ಲಿ ಅದೇ ಕಂಬಕ್ಕೆ ಕಣ್ಣಿನ ಮಟ್ಟದಲ್ಲಿ ಒಂದು ಪುಟ್ಟ ದೀಪವನ್ನೂ ಕೂರಿಸಿರುತ್ತಾರೆ, ಮೊದಲ ಸಾಲಿನಲ್ಲಿರುವವನು ಕತ್ತು ಎತ್ತಬೇಕಾಗಿಲ್ಲ. ನಮ್ಮಲ್ಲಿ ಕೂಡುರಸ್ತೆಯ ಆಚೆ ಬದಿಯಲ್ಲೂ ದೀಪ ಇರುತ್ತದೆ, ಸೆಕೆಂಡು ಎಣಿಸುವ ಫಲಕವೂ ಇರುತ್ತದೆ. ಗೆರೆ ದಾಟಿದವನಿಗೆ ಕಳೆದುಕೊಳ್ಳುವುದು ಏನೂ ಇಲ್ಲ. ಎಣಿಕೆ ಐದಕ್ಕೆ ಇಳಿಯುವಾಗಲೇ ಇಡೀ ಸಾಲು ತೆವಳಲು ಶುರುಮಾಡುತ್ತದೆ. ಹೊಸದಾಗಿ ದೀಪ ಹಾಕುವ ಊರುಗಳಿಗೆ ಕಂಬವನ್ನು ಎಲ್ಲಿ ನೆಡಬೇಕೆಂದು ಆರಿಸುವ ಸ್ವಾತಂತ್ರ್ಯ ಇನ್ನೂ ಇದೆ. ಕ್ಯಾಮೆರಾ ಇದಾದ ಮೇಲಿನ ಮಾತು. ಬೆಂಗಳೂರಿನಲ್ಲಿ 2022ರ ಡಿಸೆಂಬರ್‌ನಿಂದ ನಿಲುಗಡೆ ಗೆರೆ ದಾಟಿದವರನ್ನೂ ಕ್ಯಾಮೆರಾಗಳು ಹಿಡಿಯುತ್ತಿವೆ, ಆ ತಂತ್ರಜ್ಞಾನ ರಾಜ್ಯಕ್ಕೆ ಹೊಸದಲ್ಲ.

ಹೆದ್ದಾರಿಯ ಮೇಲೆಯೇ ಚೌಕ ಬಳಿಯಬೇಕೇ? ನನ್ನ ಉತ್ತರ ಬೇಡ ಎಂದೇ. ವೇಗವಾಗಿ ಬರುವ ನಾಲ್ಕು ಪಥಗಳ ವಾಹನಗಳೆದುರು ಮಗುವನ್ನು ಬಣ್ಣದ ಭರವಸೆಯ ಮೇಲೆ ನಿಲ್ಲಿಸುವುದು ಅನ್ಯಾಯ. ನಡೆಯುವವರು, ಸೈಕಲ್ ಸವಾರರು ವಾಹನಗಳೊಡನೆ ಬೆರೆಯುವಲ್ಲಿ ವೇಗ ಗಂಟೆಗೆ 30 ಕಿಲೋಮೀಟರ್ ಮೀರಬಾರದೆಂದು 2020ರ ಸ್ಟಾಕ್‌ಹೋಮ್ ಘೋಷಣೆ ಹೇಳುತ್ತದೆ. ನಮ್ಮ ಹೆದ್ದಾರಿ ಅದರ ಹತ್ತಿರಕ್ಕೂ ಬರುವುದಿಲ್ಲ. ಕುಮಟಾ, ಹೊನ್ನಾವರ, ಅಂಕೋಲಾಗಳಲ್ಲಿ ಹೆದ್ದಾರಿ ದಾಟಲು ಕೆಳಸೇತುವೆಯೋ, ಎಲ್ಲ ವಾಹನಗಳನ್ನೂ ತಡೆಯುವ ಪ್ರತ್ಯೇಕ ದೀಪದ ಅವಧಿಯೋ ಬೇಕು. ಚೌಕಕ್ಕೆ ತಕ್ಕ ಜಾಗ ಊರೊಳಗಿನ, ವೇಗ ಕಡಿಮೆಯಿರುವ, ದೀಪ ಇರುವ ಅಥವಾ ಬರಲಿರುವ ಕೂಡುರಸ್ತೆಗಳು: ಕಾರವಾರದ ಸುಭಾಷ್ ಸರ್ಕಲ್‌ನಂಥವು, ಸರ್ವಿಸ್ ರಸ್ತೆ ಊರಿನ ರಸ್ತೆಯನ್ನು ಸೇರುವಂಥವು.

ಹೀಗೊಂದು ಪ್ರಯೋಗಕ್ಕೆ ದೊಡ್ಡ ಹಣ ಬೇಡ. ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿ ಅಧ್ಯಕ್ಷತೆಯ ರಸ್ತೆ ಸುರಕ್ಷತಾ ಸಮಿತಿ ಇದೆ. ಪೊಲೀಸ್, ಸಾರಿಗೆ, ಲೋಕೋಪಯೋಗಿ ಇಲಾಖೆಗಳು ಒಂದೇ ಮೇಜಿಗೆ ಬರುವ ಜಾಗ ಅದು. ಒಂದು ಕೂಡುರಸ್ತೆಯನ್ನು ಆರಿಸಿ, ಮಳೆ ಮುಗಿದು ರಸ್ತೆ ಒಣಗಿದ ಮೇಲೆ, ಸಾಧಾರಣ ಬಣ್ಣದ ಬದಲು ಕಾಯಿಸಿ ಹಾಕುವ ಥರ್ಮೋಪ್ಲಾಸ್ಟಿಕ್‌ನಲ್ಲಿ ಗೆರೆ ಎಳೆಯಬೇಕು. ಸಾಧಾರಣ ಬಣ್ಣ ನಮ್ಮ ಒಂದು ಮಳೆಗಾಲವನ್ನೂ ತಾಳುವುದಿಲ್ಲ, ಅಳಿಸಿದ ಗೆರೆಗೆ ದಂಡ ಹಾಕಿದರೆ ಜನ ಸಿಟ್ಟಾಗುವುದು ನ್ಯಾಯವೇ. ಬಣ್ಣ ಬಳಿಯುವ ಮೊದಲು ಒಂದು ವಾರ, ಬಳಿದ ಮೇಲೆ ಮೂರು ತಿಂಗಳು, ಶಾಲೆ ಆರಂಭವಾಗುವ ಮತ್ತು ಬಿಡುವ ಹೊತ್ತಿನಲ್ಲಿ ವಿಡಿಯೊ ತೆಗೆಯಬೇಕು: ಎಷ್ಟು ವಾಹನ ಗೆರೆ ದಾಟಿದವು, ಎಷ್ಟು ಪಟ್ಟೆಯ ಮೇಲೆ ನಿಂತವು, ಸೈಕಲ್‌ಗಳು ಎಲ್ಲಿ ನಿಂತವು. ಎಣಿಸಲು ಊರಿನ ಕಾಲೇಜು ವಿದ್ಯಾರ್ಥಿಗಳು ಸಾಕು. ಮೊದಲ ತಿಂಗಳು ದಂಡದ ಬದಲು ಪೊಲೀಸರು ನಿಂತು ವಾಹನಗಳನ್ನು ಹಿಂದಕ್ಕೆ ಸರಿಸಲಿ, ಎರಡನೇ ತಿಂಗಳಿಂದ ರಸೀದಿ ಹರಿಯಲಿ. ಮೂರನೇ ತಿಂಗಳ ಕೊನೆಗೂ ಲಾರಿ, ಬಸ್ಸುಗಳೇ ಆ ಜಾಗದಲ್ಲಿ ನಿಲ್ಲುತ್ತಿದ್ದರೆ ಆ ಕೂಡುರಸ್ತೆಗೆ ಬಣ್ಣ ಸಾಲದು ಎಂದಾಯಿತು. ಕಟ್ಟೆ ಕಟ್ಟಿ ಸೈಕಲ್ ಹಾದಿ ಬೇರ್ಪಡಿಸಲು ಹಣ ಕೇಳುವ ಪ್ರಸ್ತಾವವನ್ನು ಅದೇ ವಿಡಿಯೊ ಜೊತೆಗಿಟ್ಟು ಬೆಂಗಳೂರಿಗೆ ಕಳುಹಿಸಬಹುದು.